ನಿಧಾನದ ಸ್ಪೇನ್

ಗೌಸಮೊದ್ದೀನ ಮಾಸ್ತರರು ಹಿಂದಕ್ಕೆ ನಡೆಯುತ್ತಲೇ ಇದ್ದರು. ತುಟಿಗೆ ಟ್ರಂಪೆಟ್, ಬೆನ್ನು ದುರ್ಗದಬೈಲಿನ ಗದ್ದಲದ ಕಡೆಗೆ, ಕಣ್ಣು ಮಾತ್ರ ಅಜ್ಜನ ಪಾದಗಳ ಮೇಲೆ. ಓಣಿಯ ನಟ್ಟನಡುವೆ, ಅವರ ಬೆನ್ನ ಹಿಂದೆ, ಯಾರೋ ಸ್ಕೂಟರ್ ನಿಲ್ಲಿಸಿ ಹೋಗಿದ್ದರು.

“ಮಾಸ್ತರ, ಗಾಡಿ ಐತ್ರಿ! ಗಾಡಿ!” ಬ್ಯಾಂಡಿನ ಅಂಗಡಿಯ ಕಿಟಕಿಯಿಂದ ಪ್ರಭಾವತಿ ಕೂಗಿದಳು.

ಮಾಸ್ತರರು ತಿರುಗಿ ನೋಡಲಿಲ್ಲ. ಸ್ವರವನ್ನೂ ಬಿಡಲಿಲ್ಲ. ಸೊಂಟವನ್ನಷ್ಟೇ ಎಡಕ್ಕೆ ಹೊರಳಿಸಿ, ಸ್ಕೂಟರಿನ ಕನ್ನಡಿಗೆ ಅಂಗಿಯ ತೋಳು ತಾಗದಂತೆ ಪಾರಾದರು. ಅವರ ಎದುರಿಗೆ ಎರಡು ಸಾಲಿನಲ್ಲಿ ಬ್ಯಾಂಡಿನವರು. ಆ ಸಾಲುಗಳ ನಡುವಿನ ಸಂದಿಯಲ್ಲಿ, ಎಲ್ಲರಿಗಿಂತ ಹಿಂದೆ, ಕೋಲೂರಿಕೊಂಡು ಪ್ರಭಾವತಿಯ ಅಜ್ಜ. ಎಡಗಾಲು, ಕೋಲು, ಬಲಗಾಲು. ಎಡಗಾಲು, ಕೋಲು, ಬಲಗಾಲು.

ಕಿಟಕಿಯ ಕಟ್ಟೆಯ ಮೇಲಿದ್ದ ರೆಕಾರ್ಡ್ ಪ್ಲೇಯರಿನಲ್ಲಿ ತುಣುಕು ಮುಗಿದು ಸೂಜಿ ಕರಕರ ಎಂದಿತು. ಬ್ಯಾಂಡು ಒಂದು ಉಸಿರಿನಷ್ಟು ಮುಂದುವರಿದು ನಿಂತಿತು.

“ಬಿದ್ದು ಗಿದ್ದೀರಿ ಕಾಕಾ,” ಎಂದಳು ಪ್ರಭಾವತಿ.

“ಹಿಂದ ಹಿಂದ ನಡದು ನಡದು ಬೆನ್ನಿಗೆ ಕಣ್ಣ ಬಂದಾವವಾ.” ಮಾಸ್ತರರು ತುಟಿ ಒರೆಸಿಕೊಂಡರು. “ಎಲ್ಲಾರಂಗ ಮುಂದ ನೋಡಿ ನಡಿ ಅನ್ನು, ಎಡವಿ ಬೀಳ್ತೇನಿ.”

ಇದು ನ್ಯೂ ದಿಲ್‌ಬಹಾರ್ ಬ್ರಾಸ್ ಬ್ಯಾಂಡಿನ ಪದ್ಧತಿ. ಮಾಸ್ತರರ ತಂದೆಯ ಕಾಲದಿಂದ ಬಂದದ್ದು. ಮಾಸ್ತರನಾದವನು ಮೆರವಣಿಗೆಗೆ ಬೆನ್ನು ಹಾಕುವಂತಿಲ್ಲ. ಎಲ್ಲರಿಗಿಂತ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಬ್ಯಾಂಡಿನ ಹಿಂದೆ ಬರುವ ಮದುವೆ ಮಂದಿಯಲ್ಲಿ ಅತಿ ಮೆಲ್ಲಗೆ ನಡೆಯುವವರು ಯಾರೆಂದು ಹುಡುಕಬೇಕು. ಒಮ್ಮೆ ಬಸುರಿ, ಒಮ್ಮೆ ಮುದುಕಿ, ಒಮ್ಮೆ ಹೊಸ ಚಪ್ಪಲಿ ಕಚ್ಚಿಸಿಕೊಂಡ ಸೋದರಮಾವ. ಆ ಕಾಲಿನ ನಡಿಗೆಯೇ ಬ್ಯಾಂಡಿನ ನಡಿಗೆ.

“ಈ ಸಲ ಹುಡಕೂ ತ್ರಾಸ ಇಲ್ಲ,” ಎಂದ ಇಸ್ತಿಯಾಕ. ಮಾಸ್ತರರ ತಂಗಿಯ ಮಗ. ಎದೆಗೆ ಸಣ್ಣ ಡ್ರಮ್ಮು ಕಟ್ಟಿಕೊಂಡೇ ಹುಟ್ಟಿದವನಂತೆ ನಿಲ್ಲುತ್ತಿದ್ದ. “ನಮ್ಮ ಉಡಚಪ್ಪಜ್ಜಾರಕಿಂತ ಮೆತ್ತಗ ಬರೂದು ಒಂದ ಐತಿ, ನಮ್ಮನಿ ನಳದ ನೀರು. ಅಜ್ಜಾರ, ನಿಮ್ಮ ಬೆರಳು ಕೋಲಿನ ಮ್ಯಾಲ ಆಡಾಕತ್ತಿದ್ವು, ನೋಡೇನಿ ನಾ. ಬರ್ರಿ, ಒಂದ ಕೈ ಹಾಕ್ರಿ.” ಡ್ರಮ್ಮಿನ ಕಡ್ಡಿಗಳನ್ನು ಚಾಚಿದ.

ಅಜ್ಜ ಕಡ್ಡಿಗಳ ಕಡೆ ನೋಡಲೂ ಇಲ್ಲ. “ಕೈಗೆ ಪೆನ್ಶನ್ ಕೊಟ್ಟು ಮನಿಗೆ ಕಳಸೇನಿ. ಕಾಲು ಇನ್ನೂ ಡ್ಯೂಟಿ ಮ್ಯಾಲ ಅದಾವು.”

ಎಲ್ಲರೂ ನಕ್ಕರು. ಪ್ರಭಾವತಿ ಸೂಜಿ ಎತ್ತಿ ಮತ್ತೆ ಮೊದಲಿಗೆ ಇಟ್ಟಳು.

ಮದುವೆ ಅವಳ ತಮ್ಮ ಪ್ರಬುದ್ಧನದು. ಎರಡು ವಾರ ಉಳಿದಿತ್ತು. ಗಿರಣಿಚಾಳದ ಮನೆಯಿಂದ ಸಮುದಾಯ ಭವನದವರೆಗೆ ಮೆರವಣಿಗೆ. ಆ ಮನೆಯಿಂದ ಹೊರಡುವ ಮೊಟ್ಟಮೊದಲ ಮೆರವಣಿಗೆ.

ಮೊದಲನೆಯದೆಂದರೆ ನಿಜವಾಗಿ ಮೊದಲನೆಯದು. ಅಜ್ಜನ ಮದುವೆಗೆ ಮೆರವಣಿಗೆ ಇರಲಿಲ್ಲ. ಹುಟ್ಟಿದೂರಿನ ದೊಡ್ಡ ಓಣಿಯಲ್ಲಿ ಅವನ ಜನ ಮೆರೆಯುವಂತಿರಲಿಲ್ಲ. ಅಪ್ಪನ ಮದುವೆ ರಿಜಿಸ್ಟರ್ ಕಚೇರಿಯಲ್ಲಿ ಎರಡು ಹಾರದಲ್ಲಿ ಮುಗಿದಿತ್ತು. ಅದು ಅಪ್ಪನ ತತ್ವ. ಆದರೆ ಅಜ್ಜ ತನ್ನ ಆಯುಷ್ಯದಲ್ಲಿ ನಡೆದ ಮೆರವಣಿಗೆಗಳಿಗೆ ಲೆಕ್ಕವಿಲ್ಲ. ಊರಲ್ಲಿ ಮದುವೆ ಯಾರ ಮನೆಯದೇ ಇರಲಿ, ಹಲಗೆ ಬಾರಿಸುವವನು ಅವನೇ. ಬರುತ್ತೀಯಾ ಎಂದು ಯಾರೂ ಕೇಳುತ್ತಿರಲಿಲ್ಲ, ಬಾ ಎಂದು ಹೇಳಿ ಕಳಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಬಾರಿಸುತ್ತ ನಡೆಯುವುದು, ಹಂದರದ ಬಾಗಿಲು ಬಂದ ಕೂಡಲೇ ಪಕ್ಕಕ್ಕೆ ಸರಿದು ನಿಲ್ಲುವುದು. ಹಿಂದೆ ಬಂದವರೆಲ್ಲ ಅವನನ್ನು ದಾಟಿ ಒಳಗೆ ಹೋಗುತ್ತಿದ್ದರು. ಹುಬ್ಬಳ್ಳಿಗೆ ಬಂದು ಗಿರಣಿ ಸೇರಿದ ವರ್ಷ ಅಜ್ಜ ಹಲಗೆ ಬಿಟ್ಟ. ಆಮೇಲೆ ಮನೆಮಂದಿಯೆಲ್ಲ ದೀಕ್ಷೆ ತೆಗೆದುಕೊಂಡು ಬೌದ್ಧರಾದರು.

ಪ್ರಬುದ್ಧನ ಮದುವೆ ಗೊತ್ತಾದ ದಿನ ಅಜ್ಜ ಒಂದೇ ಒಂದು ಬೇಡಿಕೆ ಇಟ್ಟಿದ್ದ.

“ಬ್ಯಾಂಡು ಮುಂದಿರ್ಲಿ. ಅದರ ಹಿಂದ ನಾ ನಡಕೋತ ಬರ್ತೇನಿ. ಹಂಗ ಬಂದು, ಬಾಗಲದಾಗ ನಿಂದ್ರಲಾರದ ಸೀದಾ ಒಳಗ ಹೋಗ್ತೇನಿ. ಅಷ್ಟ ನಂದು.”

ಅಷ್ಟೇ ಆದರೂ ಅವನ ಮೊಣಕಾಲುಗಳು ಸವೆದುಹೋಗಿದ್ದವು. ಅದಕ್ಕೇ ಈ ರೆಕಾರ್ಡು.

ಅದು ಮನೆಗೆ ಬಂದದ್ದು ಕುಕ್ಕರಿನ ರಿಂಗಿನ ದೆಸೆಯಿಂದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪ್ರಭಾವತಿ ಒಂದು ಶನಿವಾರ ಸಾಲಿ ಬಿಟ್ಟ ಮೇಲೆ ರಿಂಗು ತರಲು ದುರ್ಗದಬೈಲಿಗೆ ಹೋದವಳು, ಹಳೇ ಸಾಮಾನಿನ ಅಂಗಡಿಯಲ್ಲಿ ಈ ಪ್ಲೇಯರ್ ನೋಡಿ ನಿಂತುಬಿಟ್ಟಳು. ಅಮೆರಿಕದಲ್ಲಿ ಬಹಳ ಕಾಲ ಇದ್ದು ಬಂದ ಯಾರೋ ಪ್ರೊಫೆಸರರ ಮನೆಯದಂತೆ. ಅಲ್ಲಿಯ ಯಂತ್ರ, ಇಲ್ಲಿಯ ಕರೆಂಟಿಗೆ ಸುಟ್ಟುಹೋದೀತೆಂದು ಇಟ್ಟಂಗಿಯಷ್ಟು ದಪ್ಪದ ಟ್ರಾನ್ಸ್‌ಫಾರ್ಮರ್ ಒಂದನ್ನು ಜೊತೆಗೆ ಕಟ್ಟಿದ್ದರು. ಅದರೊಂದಿಗೆ ಒಂದೇ ಒಂದು ಆಲ್ಬಮ್. ಹೊದಿಕೆಯ ಮೇಲೆ ಸುಣ್ಣ ಬಳಿದ ಗೋಡೆ, ಗೋಡೆಯಾಚೆ ಕಿತ್ತಳೆ ಗಿಡಗಳು, ಗೋಡೆಗೆ ಒರಗಿಸಿಟ್ಟ ಖಾಲಿ ಕುರ್ಚಿ. ಅಕ್ಷರ ಇಂಗ್ಲಿಷಿನಂತೆ ಕಂಡರೂ ಓದಿದರೆ ಇಂಗ್ಲಿಷ್ ಅಲ್ಲ. ಮ್ಯಾಡ್ರಿಡ್ ಎಂಬುದೊಂದು ಗುರುತು ಸಿಕ್ಕಿತು. ಸ್ಪೇನಿನ ದೊಡ್ಡ ವಾದ್ಯವೃಂದ.

ಎರಡನೇ ಬದಿಯ ಎರಡನೇ ತುಣುಕು ಒಂದು ಸಣ್ಣ ಡ್ರಮ್ಮಿನಿಂದ ಸುರುವಾಗುತ್ತಿತ್ತು. ಬಹಳ ಹೊತ್ತು ಅದೊಂದೇ. ಆಮೇಲೆ ನೆಲದಡಿಯಿಂದ ಬಂದಂತೆ ದೊಡ್ಡ ಪಿಟೀಲುಗಳು. ದೂರದಲ್ಲೆಲ್ಲೋ ಟ್ರಂಪೆಟ್. ನಡುನಡುವೆ ಯಾರೋ ಕೂತು ಶೇಂಗಾ ಸುಲಿಯುತ್ತಿರುವಂತೆ ಕಟ್ಟಿಗೆಯ ಚಿಟಿಕೆಗಳ ಸದ್ದು. ಯಾರಿಗೂ ಅವಸರವಿಲ್ಲದ ಸಂಗೀತ. ವಾದ್ಯವೃಂದಕ್ಕೆ ವಾದ್ಯವೃಂದವೇ ಊಟ ಮುಗಿಸಿ, ನೆರಳು ಹುಡುಕಿಕೊಂಡು ಹೊರಟಂತೆ.

ದಿನಾ ನಾಲ್ಕು ಹೆಜ್ಜೆ ನಡೆಯಬೇಕೆಂದು ಡಾಕ್ಟರ್ ಅಜ್ಜನಿಗೆ ಹೇಳಿದ್ದರು. ಅಜ್ಜ ಕೇಳುತ್ತಿರಲಿಲ್ಲ. ಆ ಭಾನುವಾರ ಡ್ರಮ್ಮಿನ ಸದ್ದಿಗೆ ಎದ್ದು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಹೋದ, ಮರಳಿ ಬಂದ. ತುಣುಕು ಮುಗಿದಾಗ, “ಆ ಕರೀ ತಾಟು ಇನ್ನೊಮ್ಮೆ ತಿರಗಸು,” ಎಂದ.

ಬ್ಯಾಂಡು ಗೊತ್ತು ಮಾಡುವ ದಿನ ಆ ತಾಟು ಮತ್ತೆ ಮಾತಿಗೆ ಬಂತು.

“ನಾವು ಸುರು ಮಾಡೂದು ಗಣಪತಿ ಹಾಡಿನಿಂದ್ರಿ ಸರ,” ಎಂದರು ಗೌಸಮೊದ್ದೀನ ಮಾಸ್ತರರು.

ಅಪ್ಪ ನಿವೃತ್ತ ಹೆಡ್‌ಮಾಸ್ತರ. ತಲೆ ಅಲ್ಲಾಡಿಸುವುದರಲ್ಲೂ ಶಿಸ್ತು. “ದೇವರ ಹಾಡು ಬ್ಯಾಡ್ರಿ.”

“ಸಿನಿಮಾದ್ದು?”

“ಕುಣಿಯೂದು ಬ್ಯಾಡ್ರಿ.”

“ಭೀಮಗೀತಿ ಎರಡು ಬರ್ತಾವ್ರಿ ನಮಗ.”

“ಅವು ಬೇಕ ಬೇಕು.”

“ಎರಡ ಹಾಡಿನ್ಯಾಗ ಭವನ ಮುಟ್ಟಬೇಕಂದ್ರ ಎಲ್ಲಾರೂ ಓಡಬೇಕಾಕ್ಕೇತ್ರಿ ಸರ.”

ಅಪ್ಪ ಕೂಡ ನಕ್ಕುಬಿಟ್ಟರು. ಆಗ ಮೂಲೆಯಿಂದ ಅಜ್ಜ ಹೇಳಿದ್ದು: “ಪ್ರಭಾನ ತಾಟಿಂದು ಬಾರಸ್ಲಿ. ಅದಕ್ಕ ದೇವರೂ ಇಲ್ಲ, ಸಿನಿಮಾನೂ ಇಲ್ಲ.”

ಹೀಗೆ ಸ್ಪೇನು ದುರ್ಗದಬೈಲಿನ ಓಣಿಗೆ ಬಂತು. ಪಿಟೀಲಿನ ಪಾಲು ಕ್ಲಾರಿನೆಟ್ಟಿಗೆ ಹೋಯಿತು. ಚಿಟಿಕೆಗಳನ್ನು ಒಂದು ಭಜನಾ ತಂಡದವರಿಂದ ಎರವಲು ತಂದರು. ಬ್ಯಾಂಡಿನವರು ಕೇಳಿ ಕೇಳಿಯೇ ಕಲಿಯುವ ಮಂದಿ. ಪ್ರಭಾವತಿ ದಿನಾ ಸಂಜೆ ಪ್ಲೇಯರ್ ತಂದು ಅವರ ಅಂಗಡಿಯ ಕಿಟಕಿಯಲ್ಲಿ ಸೂಜಿ ಇಡುತ್ತಿದ್ದಳು. ಅಜ್ಜ ರಿಕ್ಷಾದಲ್ಲಿ ಬಂದು ನಡೆಯುತ್ತಿದ್ದ. ದಿನದಿಂದ ದಿನಕ್ಕೆ ಅವನು ಓಣಿಯಲ್ಲಿ ಮುಂದಿನ ಮುಂದಿನ ಅಂಗಡಿ ಮುಟ್ಟುತ್ತಿದ್ದ. ಬಳೆಗಾರರ ಅಂಗಡಿ, ಆಮೇಲೆ ಪಾತ್ರೆ ಅಂಗಡಿ. ಮಾಸ್ತರರು ಹಿಂದೆ ಹಿಂದೆ ಸರಿದರು. ಯಾರೂ ಇದನ್ನು ಚಿಕಿತ್ಸೆ ಎಂದು ಕರೆಯಲಿಲ್ಲ.

ಸ್ಕೂಟರ್ ಅಡ್ಡ ನಿಂತಿದ್ದ ದಿನದ ಮರುದಿನ ಪ್ರಬುದ್ಧ ಓಣಿಗೆ ಬಂದ. ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಅವನು ಲೇತ್ ಮೇಲೆ ಕೆಲಸ ಮಾಡುವವನು. ಅಂಗಿಗೆ ಇನ್ನೂ ಎಣ್ಣೆಯ ವಾಸನೆ. ಬೈಕಿನ ಹಿಂದೆ ಸಾನ್ವಿ, ಅವನನ್ನು ಮದುವೆಯಾಗಲಿರುವ ಹುಡುಗಿ. ಅವಳ ಕೈಯಲ್ಲಿ ಫೋನು.

“ಅಕ್ಕಾ, ಮೊದಲ ಇದನ್ನ ಕೇಳು,” ಎಂದ ಪ್ರಬುದ್ಧ.

ಸಾನ್ವಿ ಹೊದಿಕೆಯ ಚಿತ್ರ ತೋರಿಸಿ ಹುಡುಕಿದಾಗ ಫೋನಿನಲ್ಲಿ ಅದೇ ಆಲ್ಬಮ್ ಸಿಕ್ಕಿತ್ತು. ಅದೇ ಗೋಡೆ, ಅದೇ ಖಾಲಿ ಕುರ್ಚಿ. ಡ್ರಮ್ಮು ಸುರುವಾಯಿತು. ಬ್ಯಾಂಡಿನವರು ಒಬ್ಬರ ಮುಖ ಒಬ್ಬರು ನೋಡಿದರು. ಅದೇ ಸಂಗೀತ, ಆದರೆ ನೆರಳು ಹುಡುಕಿಕೊಂಡು ಹೊರಟಿರಲಿಲ್ಲ. ರೈಲು ಹಿಡಿಯಲು ಹೊರಟಿತ್ತು.

“ನಾವು ಇಷ್ಟ ದಿನ ಕೇಳಿದ್ದು ತಪ್ಪು,” ಎಂದ ಪ್ರಬುದ್ಧ. “ಟ್ರಾನ್ಸ್‌ಫಾರ್ಮರ್ ಹಾಕಿದ್ರ ಯಂತ್ರ ಸುಡೂದಿಲ್ಲ, ಅಷ್ಟ. ಅಮೆರಿಕಾದ ಕರೆಂಟಿನ ಬಡಿತ ಸೆಕೆಂಡಿಗೆ ಅರವತ್ತು, ನಮ್ಮದು ಐವತ್ತು. ಈ ಮೋಟರು ಆ ಬಡಿತದ ಬೆನ್ನ ಹತ್ತಿ ತಿರಗತೈತಿ. ಆರು ಸುತ್ತು ತಿರಗೂವಲ್ಲಿ ಐದ ತಿರಗಾಕತ್ತೇತಿ. ನೀ ಸಾಯನ್ಸ್ ಟೀಚರ್ ಬ್ಯಾರೆ.”

“ಈ ಪಾಠ ಹತ್ತನೇ ಕ್ಲಾಸಿನ್ಯಾಗ ಬರೂದಿಲ್ಲೋ,” ಎಂದಳು ಪ್ರಭಾವತಿ. ಆದರೆ ಕಿವಿ ಬಿಸಿಯಾಗಿತ್ತು.

ಪ್ರಬುದ್ಧ ಜೇಬಿನಿಂದ ಏನೋ ತೆಗೆದ. ಹಿತ್ತಾಳೆಯ ಪುಟ್ಟ ಗಾಲಿ, ಈಗಷ್ಟೇ ಹುಟ್ಟಿದ್ದರ ಹೊಳಪು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಲೇತ್ ಮೇಲೆ ತಾನೇ ಕಡೆದದ್ದು. ಮೋಟರಿನ ಹಳೇ ಗಾಲಿಗಿಂತ ಐದರಲ್ಲಿ ಒಂದು ಪಾಲಿನಷ್ಟು ದೊಡ್ಡದು. ಸ್ಕ್ರೂ ಬಿಚ್ಚಿ ಅದನ್ನು ಕೂಡಿಸಿ, ಬೆಲ್ಟು ಏರಿಸಿ, ಸೂಜಿ ಇಟ್ಟ. ಫೋನು ಮತ್ತು ರೆಕಾರ್ಡು ಜೊತೆಜೊತೆಗೇ ಓಡಿದವು.

“ವಾಹ್! ಈಗ ನೋಡ್ರಿ ಮಜಾ,” ಎಂದ ಇಸ್ತಿಯಾಕ. ಅವನ ಕಡ್ಡಿಗಳಿಗೆ ಜೀವ ಬಂದಿತ್ತು. “ಇಷ್ಟ ದಿನ ಕೈ ಕಟ್ಟಿ ಹಾಕಿದಂಗ ಆಗಿತ್ತು ನನಗ.”

ಎಲ್ಲರೂ ಓಣಿಗಿಳಿದರು. ಮಾಸ್ತರರು ಹಿಂದಕ್ಕೆ ನಡೆದರು, ಸಾಲುಗಳು ನಡೆದವು. ಅಜ್ಜ ಸುರು ಮಾಡಿದ. ಎಡಗಾಲು, ಕೋಲು, ಬಲಗಾಲು, ಎಡಗಾಲು... ಕೋಲು ಊರುವ ಮೊದಲೇ ಡ್ರಮ್ಮು ಮುಂದೆ ಹೋಗಿತ್ತು. ಅವನು ಕೋಲು ಊರದೆಯೇ ಎರಡು ಹೆಜ್ಜೆ ಜೋರಾಗಿ ಹಾಕಿದ. ಬ್ಯಾಂಡಿಗೂ ಅವನಿಗೂ ನಡುವೆ ಒಂದು ಎಮ್ಮೆ ಅಡ್ಡ ನಿಲ್ಲುವಷ್ಟು ಜಾಗ ಬಿದ್ದಿತು. ನಿನ್ನೆಯ ಸ್ಕೂಟರ್ ಇವತ್ತೂ ಅಲ್ಲೇ ನಿಂತಿತ್ತು. ಅಜ್ಜ ಅದರ ಸೀಟು ಹಿಡಿದು ನಿಂತ.

ಬ್ಯಾಂಡು ಒಂದೊಂದೇ ವಾದ್ಯವಾಗಿ ನಿಂತಿತು.

“ಯಾವುದು ಖರೇದ್ದು?” ಅಜ್ಜ ಉಸಿರು ಹಿಡಿದು ಕೇಳಿದ.

“ಇದ ಅಜ್ಜಾ. ಅವರು ಬಾರಿಸಿದ್ದು ಹಿಂಗ,” ಎಂದ ಪ್ರಬುದ್ಧ.

“ಹಂಗಾರ ಇದನ್ನ ಬಾರಸ್ರಿ. ನಾ ಕಾರಿನ್ಯಾಗ ಕುಂಡ್ರತೇನಿ.”

ಹೇಳಿದ ಧಾಟಿಯಲ್ಲಿ ಏನೂ ಇರಲಿಲ್ಲ. ಬಾಗಿಲಲ್ಲಿ ಪಕ್ಕಕ್ಕೆ ಸರಿದು ರೂಢಿಯಾದವನು ಸರಿದಂತೆ, ಅಷ್ಟೇ. ಪ್ರಭಾವತಿಗೆ ಅದೇ ಚುಚ್ಚಿತು.

ಮನೆಯಲ್ಲಿ ಅಜ್ಜ ಮಲಗಿದ್ದಾಗ ಅವಳು ತಮ್ಮನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು.

“ಆ ಗಾಲಿ ಬಿಚ್ಚು.”

“ಯಾಕ? ಅಜ್ಜಗ ಹೂವಿನ ಕಾರು ಹೇಳೇನಿ. ಮುಂದಿನ ಸೀಟು. ಅದಕ್ಕಿಂತ ಮರ್ಯಾದಿ ಯಾವುದೈತಿ?”

“ಅಂವ ಮರ್ಯಾದಿ ಕೇಳಿಲ್ಲ. ನಡೀತೇನಿ ಅಂದಾನ.”

ಪ್ರಬುದ್ಧ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. “ಅಕ್ಕಾ, ನಮ್ಮ ಕಡೆ ಬರೂದೆಲ್ಲಾ ಯಾವಾಗಲೂ ಅರೆಬರೆ. ಯಾರೋ ಹಾಕಿ ಬಿಟ್ಟ ಅಂಗಿ, ಯಾರೋ ಓದಿ ಬಿಟ್ಟ ಪುಸ್ತಕ. ಈ ಹಾಡೂ ಹಂಗ ಬಂತು, ಕುಂಟಕೋತ. ಇದೊಂದನ್ನರ ಸರಿ ಮಾಡೇನಿ ನಾ, ನನ್ನ ಕೈಯಾರೆ. ಸ್ಪೇನಿನಾಂವ ಬಂದು ನಿಂತು ಕೇಳಿದ್ರೂ ಹೌದು ಅನ್ನಬೇಕು.”

ಅವನ ಮಾತು ಸುಳ್ಳಾಗಿರಲಿಲ್ಲ. ಅದೇ ಕಷ್ಟ.

“ಸ್ಪೇನಿನಾಂವ ಗಿರಣಿಚಾಳಕ್ಕ ಬರೂದಿಲ್ಲೋ,” ಎಂದಳು ಪ್ರಭಾವತಿ. “ಅಜ್ಜ ಬರ್ತಾನ.”

ಅವನು ಎದ್ದು ಒಳಗೆ ಹೋದ. ಗಾಲಿ ಬಿಚ್ಚಲಿಲ್ಲ.

ಮರುದಿನ ಅವಳು ಒಬ್ಬಳೇ ಬ್ಯಾಂಡಿನ ಅಂಗಡಿಗೆ ಹೋದಳು. ಮಾಸ್ತರರು ಟ್ರಂಪೆಟ್ಟಿನ ಕವಾಟ ಒತ್ತಿ ಒಳಗಿನ ನೀರು ಹೊರಗೆ ಊದುತ್ತಿದ್ದರು.

“ಕಾಕಾ, ಹಳೇ ನಡಿಗಿಗೇ ಬಾರಸ್ರೆಲಾ.”

“ಮದುವಿ ನಿನ್ನ ತಮ್ಮಂದು, ಬೇಟಾ. ಹಾಡು ಅಂವ ಹೇಳಿದಂಗ. ಮದುಮಗನ ಮಾತು ಮೀರಿ ಬಾರಿಸಿದ್ರ ನಾ ಎಂಥಾ ಮಾಸ್ತರ?” ಅವರು ಟ್ರಂಪೆಟ್ಟನ್ನು ತೊಡೆಯ ಮೇಲೆ ಒರೆಸಿದರು. ಆಮೇಲೆ, ಯಾವುದೋ ಬೇರೆ ವಿಷಯ ಎಂಬಂತೆ: “ನಡಿಗಿ ಮಾತ್ರ ಯಾರೂ ಹೇಳೂದಲ್ಲ. ಅದು ಕಾಲಿಂದು. ಕಾಲು ಕಂಡ್ರ ಬ್ಯಾಂಡು ತಾನ ಕೇಳತೈತಿ. ಆದ್ರ ಕಾರಿನ್ಯಾಗ ಕುಂತವರ ಕಾಲು ನನಗ ಹೆಂಗ ಕಾಣಬೇಕವಾ?”

ಪ್ರಭಾವತಿ ಮನೆಗೆ ಹೊರಟಳು.

ಮದುವೆಯ ಮುಂಜಾನೆ ಗಿರಣಿಚಾಳದ ಮನೆಯಲ್ಲಿ ಎಲ್ಲರೂ ಬಿಳಿ ಬಟ್ಟೆಯಲ್ಲಿದ್ದರು. ಅಜ್ಜನದು ಗರಗದ ಖಾದಿ, ಗಂಜಿಯ ಗರಿ ಮುರಿಯದ ಅಂಗಿ. ಪಡಸಾಲೆಯಲ್ಲಿ ತ್ರಿಶರಣ ಹೇಳಿ ಮುಗಿಸಿ ಹೊರಟರು. ಪ್ರಬುದ್ಧ ಕುದುರೆ ಒಲ್ಲೆನೆಂದಿದ್ದ, ಗೆಳೆಯರೊಂದಿಗೆ ನಡೆಯುತ್ತಿದ್ದ. ಎಲ್ಲರ ಹಿಂದೆ ಸೇವಂತಿಗೆ ಹೊದ್ದ ಕಾರು. ಮುಂದಿನ ಸೀಟಿನಲ್ಲಿ ಅಜ್ಜ, ಹಿಂದೆ ಪ್ರಭಾವತಿ.

ಭೀಮಗೀತೆ ಎರಡೂ ಆದವು. ದೊಡ್ಡ ರಸ್ತೆಗೆ ಬಂದಾಗ ಇಸ್ತಿಯಾಕನ ಡ್ರಮ್ಮು ಒಂದೇ ಸುರುವಾಯಿತು. ಆಮೇಲೆ ಕ್ಲಾರಿನೆಟ್, ಆಮೇಲೆ ಟ್ರಂಪೆಟ್. ಖರೇ ವೇಗದ ಸ್ಪೇನು. ಪಕ್ಕದಲ್ಲಿ ಹೋಗುತ್ತಿದ್ದ ಸಿಟಿ ಬಸ್ಸಿನ ಕಿಟಕಿಗಳಿಂದ ಫೋನುಗಳು ಹೊರಬಂದವು. ಇದು ಯಾವ ಸಿನಿಮಾದ್ದು ಎಂದು ಯಾರೋ ಕೇಳಿದರು. ಚೆಂದವಾಗಿತ್ತು. ಪ್ರಭಾವತಿಗೂ ಚೆಂದವೆನಿಸಿತು, ಅದಕ್ಕಾಗಿ ತನ್ನ ಮೇಲೆಯೇ ಸಿಟ್ಟು ಬಂತು.

“ಅಜ್ಜಾರ, ಬ್ರೇಕು ನನ್ನ ಕಡೆ ಐತ್ರಿ,” ಎಂದ ಡ್ರೈವರ್, ನಗುತ್ತ.

ಅವಳು ಬಗ್ಗಿ ನೋಡಿದಳು. ಅಜ್ಜನ ಪಾದಗಳು ಕಾರಿನ ನೆಲವನ್ನು ಒತ್ತುತ್ತಿದ್ದವು. ಎಡಗಾಲು. ಬಲಗಾಲು. ಹೊರಗಿನ ಡ್ರಮ್ಮಿಗೆ ಅಲ್ಲ. ಪಡಸಾಲೆಯ ಡ್ರಮ್ಮಿಗೆ.

ಸಿಗ್ನಲ್ ಕೆಂಪಾಯಿತು. ಮೆರವಣಿಗೆ ನಿಂತಿತು.

“ಅಜ್ಜಾ,” ಎಂದಳು ಅವಳು, “ಮಾಸ್ತರಗ ನಿನ್ನ ಕಾಲು ಕಾಣಸವಲ್ಲವಂತ.”

ಅಜ್ಜ ಮುಂದಿನ ಗಾಜಿನತ್ತಲೇ ನೋಡುತ್ತಿದ್ದ. “ಕಂಡ್ರ?”

“ಕಂಡ್ರ ಬ್ಯಾಂಡು ಕೇಳತೈತಂತ.”

“ಕೇಳದಿದ್ರ?”

ಕೇಳದಿದ್ದರೆ ಅವನು ಮೊಮ್ಮಗನ ಮೆರವಣಿಗೆಯ ಹಿಂದೆ, ಹುಬ್ಬಳ್ಳಿಯ ನಡು ರಸ್ತೆಯಲ್ಲಿ, ಒಬ್ಬನೇ ಉಳಿಯುತ್ತಾನೆ. ಬಸ್ಸುಗಳ ಕಿಟಕಿಗಳು ಅದನ್ನೂ ನೋಡುತ್ತವೆ.

ಅಜ್ಜ ಬಾಗಿಲಿನ ಹಿಡಿಕೆ ತಡಕಾಡಿದ. ಸಿಗಲಿಲ್ಲ. ಪ್ರಭಾವತಿ ಇಳಿದು ಬಂದು ಹೊರಗಿನಿಂದ ತೆಗೆದಳು.

ಸಿಗ್ನಲ್ ಹಸಿರಾದಾಗ ಅವನು ರಸ್ತೆಯ ಮೇಲೆ ನಿಂತಿದ್ದ. ಬ್ಯಾಂಡು ಹೊರಟಿತು, ಅದೇ ವೇಗ. ಪ್ರಬುದ್ಧನ ಗೆಳೆಯರು ಗುಂಪಾಗಿ ನಡುವೆ ತುಂಬಿಕೊಂಡರು. ಎಡಗಾಲು, ಕೋಲು, ಬಲಗಾಲು. ನಡುವಿನ ಜಾಗ ಬೆಳೆಯಿತು. ಎಮ್ಮೆಯಷ್ಟು, ರಿಕ್ಷಾದಷ್ಟು. ಮಾಸ್ತರರಿಗೆ ಕಾಣುತ್ತಿದ್ದುದು ಗೆಳೆಯರ ಹೊಸ ಬೂಟುಗಳು ಮಾತ್ರ.

ಪ್ರಭಾವತಿ ಓಡಿದಳು. ಟೀಚರಿನ ದನಿ ತೆಗೆದಳು. “ಏ, ಸರೀರಿ! ಎರಡೂ ಕಡೆ ಸರೀರಿ! ನಡಕ ನಿಂದ್ರಬ್ಯಾಡ್ರಿ!” ತೋಳು ಹಿಡಿದು ಒಬ್ಬೊಬ್ಬರನ್ನೇ ಎಳೆದಳು. ಪ್ರಾರ್ಥನೆಗೆ ಸಾಲು ಮಾಡಿಸಿ ಮಾಡಿಸಿ ರೂಢಿಯಾದ ಕೈ. ಗುಂಪು ಬಾಚಣಿಗೆ ಹಾಕಿದ ತಲೆಯಂತೆ ಎರಡಾಗಿ ಸೀಳಿತು.

ಆ ಸಂದಿಯ ತುದಿಯಲ್ಲಿ ಒಂದು ಜೋಡಿ ಪಾದ, ಒಂದು ಕೋಲು.

ಗೌಸಮೊದ್ದೀನ ಮಾಸ್ತರರು ಟ್ರಂಪೆಟ್ ಇಳಿಸಲಿಲ್ಲ. ಎಡಗೈ ಮಾತ್ರ ಎತ್ತಿ, ಮಲಗಿದ ಮಗುವಿನ ಮೇಲೆ ಇಡುವಂತೆ ಗಾಳಿಯಲ್ಲಿ ಕೆಳಗಿಳಿಸಿದರು. ಇಸ್ತಿಯಾಕ ಮಾವನ ಕೈ ನೋಡಿದ, ಮಾವನ ಕಣ್ಣು ಎಲ್ಲಿದೆ ನೋಡಿದ, ಕತ್ತು ತಿರುಗಿಸಿ ಹಿಂದೆ ನೋಡಿದ. ಕಡ್ಡಿಗಳು ತಡವರಿಸಿದವು. ಕ್ಲಾರಿನೆಟ್ ಗೊತ್ತಿಲ್ಲದೆ ಮುಂದೆ ಓಡಿತು, ಒಂಟಿಯಾಯಿತು, ಒಂದು ಸ್ವರದ ಮೇಲೆ ಕಾಯುತ್ತ ನಿಂತಿತು. ಆಮೇಲೆ ಎಲ್ಲವೂ ಒಟ್ಟಿಗೆ ಕೂಡಿ ಹೊಸದಾಗಿ ಹೊರಟವು. ಇದು ಫೋನಿನ ನಡಿಗೆ ಅಲ್ಲ, ರೆಕಾರ್ಡಿನದೂ ಅಲ್ಲ, ಅದಕ್ಕಿಂತಲೂ ನಿಧಾನ. ಸ್ಪೇನಿನಲ್ಲಿ ಯಾರೂ ಇದನ್ನು ಹೀಗೆ ಕೇಳಿರಲಾರರು.

ಜಾಗ ಬೆಳೆಯುವುದು ನಿಂತಿತು. ಆಮೇಲೆ ಕುಗ್ಗತೊಡಗಿತು.

ಮುಂದಿದ್ದ ಪ್ರಬುದ್ಧ ಸರಕ್ಕನೆ ಹಿಂದೆ ತಿರುಗಿದ. ಮುಖದಲ್ಲಿ ಸಿಟ್ಟಿತ್ತು. ಗೆಳೆಯರ ನಡುವಿನ ಹಾದಿ ಕಂಡಿತು. ಹಾದಿಯಲ್ಲಿ ಗಂಜಿ ಹಾಕಿದ ಬಿಳಿ ಅಂಗಿ, ಕೊರಳುದ್ದ ಮಾಡಿ ನೇರ ಮುಂದೆ ನೋಡುತ್ತ ಬರುತ್ತಿದ್ದ ಮುದುಕ. ಪ್ರಬುದ್ಧ ಹಿಂದಕ್ಕೆ ನಡೆದುಬಂದು ಅಜ್ಜನ ಎಡಗಡೆ ಸೇರಿಕೊಂಡ.

ಮೊದಮೊದಲು ಅವನ ಕಾಲು ಕೂಡಲಿಲ್ಲ. ಪ್ರತಿ ಸಲ ಒಂದು ಹೆಜ್ಜೆ ಹೆಚ್ಚಾಗುತ್ತಿತ್ತು. ಆರರಲ್ಲಿ ಒಂದನ್ನು ಬಿಡಬೇಕಿತ್ತು. ರಸ್ತೆ ಬದಿಯ ಅಂಗಡಿಗಳ ಸಾಲು ದಾಟುವಷ್ಟರಲ್ಲಿ ಬಿಟ್ಟ.

“ಗಾಲಿ ಛಲೋ ಕಡದೀಯೋ,” ಎಂದ ಅಜ್ಜ, ಅವನತ್ತ ನೋಡದೆ. “ಅದನ್ನ ಹಂಗ ಇಟ್ಟಿರು. ಮನ್ಯಾಗ ಕುಂತು ಕೇಳಾಕ ಅದ ಛಲೋ.”

ಹಿಂದೆ ಹಾರ್ನುಗಳು ಸುರುವಾಗಿದ್ದವು. ಅಪ್ಪ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡು, ಆಮೇಲೆ ತೋಳು ಇಳಿಸಿದರು. ಮುಹೂರ್ತವಿಲ್ಲದ ಮದುವೆ. ಮೀರಿಹೋಗುವ ಗಳಿಗೆ ಒಂದೂ ಇರಲಿಲ್ಲ.

ತಿರುವು ದಾಟಿದಾಗ ಭವನದ ಬಾಗಿಲು ಕಂಡಿತು. ಬಾಗಿಲಲ್ಲಿ ಸಾನ್ವಿಯ ಮನೆಯವರು, ಹೂವಿನ ತಟ್ಟೆಗಳು. ಇನ್ನೂ ಸ್ವಲ್ಪ ದೂರವಿತ್ತು. ಅಜ್ಜನ ಅಂಗಿ ಬೆನ್ನಿಗೆ ಅಂಟಿತ್ತು. ಪ್ರಬುದ್ಧ ಪ್ರಭಾವತಿಯನ್ನು ನೋಡಿದ. ಅವನು ಕೈ ಮಾಡಿ ಕಾರನ್ನು ಹತ್ತಿರ ಕರೆದ, ತಾನೇ ಬಾಗಿಲು ತೆಗೆದು ಹಿಡಿದ. ಒಳಗಿನಿಂದ ಸೇವಂತಿಗೆಯ ವಾಸನೆಯೂ ತಣ್ಣನೆಯ ಗಾಳಿಯೂ ಬಂದವು.

“ಅಜ್ಜಾ, ಇಲ್ಲೀತನಕಾ ಬಂದಿ. ಸಾಕು. ಇನ್ನಿಷ್ಟು ಕುಂತು ಬಾ. ಬಾಗಲದಾಗ ನಾನ ಇಳಸ್ತೇನಿ, ಕೈ ಹಿಡದು ಒಳಗ ಕರಕೊಂಡು ಹೋಗ್ತೇನಿ. ಯಾರೂ ಏನೂ ಅನ್ನೂದಿಲ್ಲ.”

ಅಜ್ಜ ನಿಂತ. ಬ್ಯಾಂಡೂ ನಿಂತಲ್ಲೇ ಕಾಲಾಡಿಸುತ್ತ ಡ್ರಮ್ಮೊಂದನ್ನೇ ಉಳಿಸಿಕೊಂಡಿತು. ದೂರದಲ್ಲಿ ಗೌಸಮೊದ್ದೀನ ಮಾಸ್ತರರು, ಭವನದ ಬಾಗಿಲಿಗೆ ಬೆನ್ನು ಮಾಡಿ, ಅವನ ಪಾದಗಳನ್ನೇ ನೋಡುತ್ತಿದ್ದರು. ಅಜ್ಜ ಮೆತ್ತನೆಯ ಸೀಟು ನೋಡಿದ. ತೆರೆದ ಕಾರಿನ ಬಾಗಿಲು ನೋಡಿದ. ಅದರಾಚೆ ಇನ್ನೊಂದು ಬಾಗಿಲು ನೋಡಿದ.

“ಒಲ್ಲೆ,” ಎಂದ.